ನಕ್ಷೆ ದೊಡ್ಡದೋ, ನಾಯಕ ದೊಡ್ಡವನೋ?

ಹೊಸ ಲೋಕ, ಹೊಸ ಭಾಷೆ, ಬೆಂಕಿಯುಗುಳುವ ಡ್ರ್ಯಾಗನ್, ಮೊದಲ ಪುಟದಲ್ಲೇ ಒಂದು ನಕ್ಷೆ. ಫ್ಯಾಂಟಸಿ ಕಾದಂಬರಿ ಎಂದೊಡನೆ ಮಕ್ಕಳ ಕಣ್ಣರಳಿಸುವುದು ಇವೇ. ‘ಇದೆಲ್ಲ ಕಾಲಹರಣ’ ಎಂದು ಗೊಣಗುವ ಪಾಲಕರೂ ಉಂಟು. ಅಷ್ಟಕ್ಕೂ ಇಂಥ ಕಥೆಯನ್ನು ಬಹುಕಾಲ ಬದುಕಿಸುವುದು ಯಾವುದು? ಲೇಖಕ ಕಟ್ಟಿದ ಲೋಕವೋ, ಅಲ್ಲಿ ಓಡಾಡುವ ಪಾತ್ರಗಳೋ? ಜೆ.ಆರ್.ಆರ್. ಟೋಲ್ಕಿನ್ ಅವರ ಪುಸ್ತಕಗಳು ಹುಟ್ಟಿದ ಬಗೆಯನ್ನು ನೋಡಿದರೆ ಉತ್ತರ ಸಿಗುತ್ತದೆ.

1892ರಲ್ಲಿ ಜನಿಸಿದ ಟೋಲ್ಕಿನ್ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಮೊದಲ ಮಹಾಯುದ್ಧದ ಕಾಲದಿಂದಲೇ ಅವರು ಒಂದು ಕಾಲ್ಪನಿಕ ಲೋಕವನ್ನು ಕಟ್ಟುತ್ತ ಬಂದಿದ್ದರು. ಅದಕ್ಕೆ ವ್ಯಾಕರಣಸಹಿತ ಭಾಷೆಗಳಿದ್ದವು, ವಂಶಾವಳಿಗಳಿದ್ದವು, ಯುಗಗಳ ಇತಿಹಾಸವಿತ್ತು. ಆದರೆ 1937ರಲ್ಲಿ ಪ್ರಕಟವಾಗಿ ಜನಪ್ರಿಯವಾದದ್ದು ‘ದಿ ಹಾಬಿಟ್’ ಎಂಬ ಮಕ್ಕಳ ಕಥೆ. ಅದರ ನಾಯಕ ಬಿಲ್ಬೊ ಕುಳ್ಳ, ಊಟಪ್ರಿಯ, ಮನೆ ಬಿಟ್ಟು ಕದಲಲು ಒಲ್ಲದವನು. ಅದೇ ವರ್ಷ ಟೋಲ್ಕಿನ್ ತಮ್ಮ ಲೋಕದ ಪುರಾಣವಾದ ‘ದಿ ಸಿಲ್ಮರಿಲಿಯನ್’ನ ಹಸ್ತಪ್ರತಿಗಳನ್ನು ಪ್ರಕಾಶಕರಿಗೆ ಕಳುಹಿಸಿದರು. ಅವರು ಅದನ್ನು ಹಿಂದಿರುಗಿಸಿ, ಹಾಬಿಟ್‌ಗಳದೇ ಇನ್ನೊಂದು ಕಥೆ ಬೇಕೆಂದರು. ಆ ಪುರಾಣ ಅಚ್ಚಾದದ್ದು 1977ರಲ್ಲಿ, ಟೋಲ್ಕಿನ್ ತೀರಿಕೊಂಡ ನಾಲ್ಕು ವರ್ಷಗಳ ನಂತರ.

ಹಾಗಾದರೆ ಪಾತ್ರವೇ ಗೆದ್ದಿತೆನ್ನೋಣವೇ? ಅವಸರ ಬೇಡ.

‘ದಿ ಹಾಬಿಟ್’ನಲ್ಲಿ ಬಿಲ್ಬೊಗೆ ಒಂದು ಉಂಗುರ ಸಿಗುತ್ತದೆ. ತೊಟ್ಟವನು ಯಾರ ಕಣ್ಣಿಗೂ ಕಾಣಿಸನು. 1937ರ ಮುದ್ರಣದಲ್ಲಿ ಗೊಲ್ಲಮ್ ಎಂಬ ಗುಹಾವಾಸಿ ಪಂದ್ಯದಲ್ಲಿ ಸೋತು, ಆ ಉಂಗುರವನ್ನು ಬಹುಮಾನವಾಗಿ ಕೊಡಲು ತಾನೇ ಸಿದ್ಧನಾಗುತ್ತಾನೆ. ಮುಂದೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆಯುವಾಗ ಟೋಲ್ಕಿನ್ ಉಂಗುರಕ್ಕೊಂದು ಕಠಿಣ ನಿಯಮ ವಿಧಿಸಿದರು: ಅದು ತನ್ನನ್ನು ಇಟ್ಟುಕೊಂಡವನ ಮನಸ್ಸನ್ನೇ ಸೆರೆಹಿಡಿಯುತ್ತದೆ. ಅಂದಮೇಲೆ ಗೊಲ್ಲಮ್ ಅದನ್ನು ಸಂತೋಷದಿಂದ ಕೊಡುವುದು ಹೇಗೆ? 1951ರ ಮುದ್ರಣದಲ್ಲಿ ಆ ಅಧ್ಯಾಯವನ್ನೇ ಅವರು ತಿದ್ದಿದರು. ಈಗ ಗೊಲ್ಲಮ್ ಕೊಲ್ಲಲು ಬರುತ್ತಾನೆ. ಕಣ್ಣಿಗೆ ಕಾಣದ ಬಿಲ್ಬೊನ ಕೈಯಲ್ಲಿ ಕತ್ತಿಯಿದೆ. ಆದರೂ ಆ ಒಂಟಿ ಜೀವಿಯನ್ನು ಕಂಡು ಕನಿಕರಪಟ್ಟು ಅವನು ಕೊಲ್ಲದೆ ಹೋಗುತ್ತಾನೆ. 1954–55ರಲ್ಲಿ ಮೂರು ಸಂಪುಟಗಳಾಗಿ ಬಂದ ಮಹಾಕಥೆಯ ಅಂತ್ಯ ನಿಂತಿರುವುದು ಈ ಕನಿಕರದ ಮೇಲೆಯೇ. ಉಂಗುರವನ್ನು ಬೆಂಕಿಗೆಸೆಯಬೇಕಾದ ಫ್ರೊಡೊ ಕೊನೆಯ ಗಳಿಗೆಯಲ್ಲಿ ಸೋಲುತ್ತಾನೆ. ಅಂದು ಬದುಕುಳಿದ ಗೊಲ್ಲಮ್‌ನಿಂದಾಗಿ ಅದು ನಾಶವಾಗುತ್ತದೆ.

ಲೋಕದ ನಿಯಮ ಬಿಗಿಯಾದಾಗ ಪಾತ್ರ ಕುಗ್ಗಲಿಲ್ಲ, ಬೆಳೆಯಿತು. ಗುರುತ್ವಾಕರ್ಷಣೆಯೇ ಇಲ್ಲದ ಕಡೆ ಎತ್ತರ ಜಿಗಿದವನಿಗೆ ಬಹುಮಾನವೇಕೆ? ಮಂತ್ರದಿಂದ ಎಲ್ಲವೂ ಸಾಧ್ಯವಾಗುವ ಲೋಕದಲ್ಲಿ ಧೈರ್ಯಕ್ಕೂ ದಯೆಗೂ ಬೆಲೆಯಿಲ್ಲ. ಯಾರೂ ಆಯ್ಕೆ ಮಾಡದ ಲೋಕವಾದರೋ, ಎಷ್ಟೇ ವಿಸ್ತಾರವಾಗಿದ್ದರೂ ಬರೀ ಭೂಪಟವಾಗಿ ಉಳಿಯುತ್ತದೆ.

ಕಥೆ ಬರೆಯುವ ಹಂಬಲವುಳ್ಳ ವಿದ್ಯಾರ್ಥಿಗಳು ನಕ್ಷೆಯನ್ನು ಧಾರಾಳವಾಗಿ ಬರೆಯಲಿ. ಜೊತೆಗೆ, ಆ ಲೋಕದಲ್ಲಿ ಮುರಿಯಲಾಗದ ನಿಯಮ ಯಾವುದು, ಅದಕ್ಕೆ ಬೆಲೆ ತೆರುವವರು ಯಾರು ಎಂಬುದನ್ನೂ ಯೋಚಿಸಲಿ. ಪಾಲಕರು ಮಕ್ಕಳ ಕೈಯಿಂದ ಪುಸ್ತಕ ಕಸಿಯುವ ಮುನ್ನ ಒಂದು ಪ್ರಶ್ನೆ ಕೇಳಬಹುದು: ಬಿಲ್ಬೊ ಕತ್ತಿಯನ್ನು ಏಕೆ ಬೀಸಲಿಲ್ಲ? ಉತ್ತರ ಕೊಡುವ ಮಗು ಕಾಲಹರಣ ಮಾಡಿಲ್ಲವೆಂದೇ ತಿಳಿಯಬೇಕು.