ಲಾರಿ ಹಿಂದಿರುಗಿದ ಮೇಲೆ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಹರಿದಾಗ ಬಾದಾಮಿ, ಹುನಗುಂದ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಪಟ್ಟದಕಲ್ಲಿನ ದೇಗುಲಗಳನ್ನೂ ನೆರೆ ಸುತ್ತುವರಿಯಿತು. ಬಾಗಲಕೋಟೆ ಜಿಲ್ಲೆಯ ಸಂತ್ರಸ್ತರಿಗಾಗಿ ಅಕ್ಕಿ, ಬಟ್ಟೆ, ಹೊದಿಕೆ ಹೊತ್ತ ಲಾರಿಗಳು ಬಂದವು.

ಆದರೆ ನಿಜವಾದ ದುಡಿಮೆ ಶುರುವಾಗುವುದು ನೀರಿಳಿದ ಮೇಲೆ. ನೆನೆದ ಮಣ್ಣಿನ ಗೋಡೆ ಬಿಸಿಲಿಗೆ ಬಿರಿದು ಕುಸಿಯುವುದುಂಟು. ಮನೆಯೊಳಗಿನ ರಾಡಿ ಎತ್ತಬೇಕು. ಹೊಲದ ಮರಳು, ಕಸ ತೆಗೆಯದಿದ್ದರೆ ಹಿಂಗಾರಿ ಜೋಳ ಬಿತ್ತುವ ಹದ ತಪ್ಪುತ್ತದೆ. ಹದ ತಪ್ಪಿದರೆ ವರ್ಷದ ರೊಟ್ಟಿಗೇ ಕುತ್ತು. ಇಳಕಲ್ ಸೀರೆ ನೇಯುವ ಕುಣಿಮಗ್ಗದಲ್ಲಿ ನೀರು ನಿಂತರೆ ನೇಕಾರನ ಕೂಲಿಯೂ ನಿಂತಂತೆ.

ಇಲ್ಲಿ ಹಣದಷ್ಟೇ ಬೇಕಾದುದು ಸಲಿಕೆ, ಬುಟ್ಟಿ ಹಿಡಿಯುವ ಕೈ. ಮದೀನಾದಲ್ಲಿ ಮಸೀದಿ ಕಟ್ಟುವಾಗ ಪ್ರವಾದಿ(ಸ)ರು ಸ್ವತಃ ಇಟ್ಟಿಗೆ ಹೊತ್ತಿದ್ದರು. ಬಿತ್ತಿದ ಬೆಳೆಯನ್ನು ಮನುಷ್ಯ, ಹಕ್ಕಿ, ಪ್ರಾಣಿ ಯಾರು ತಿಂದರೂ ಅದು ಬಿತ್ತಿದವನ ಪಾಲಿಗೆ ದಾನವೆಂದು ಕಲಿಸಿದರು.

ಸಹೋದರಿಯರೇ, ಇದು ಗಂಡಸರ ಸೇವೆ ಮಾತ್ರವಲ್ಲ. ಒದ್ದೆ ಕಾಳು ಹರವುವುದು, ಬೀಜ ಹಸನು ಮಾಡುವುದು, ಪಾತ್ರೆ ತೊಳೆದು ಒಲೆ ಹೂಡುವುದು, ಮನೆಯೊಡತಿಯ ಪಕ್ಕ ಕುಳಿತು ಅವಳ ದುಃಖ ಕೇಳುವುದು ನಮ್ಮ ಕೈಯಲ್ಲೇ ಇದೆ. ಆ ಮನೆಯವರ ಜಾತಿ, ಧರ್ಮ ಕೇಳುವ ಅಗತ್ಯವೂ ಇಲ್ಲ.

ಚೀಲ ಇಳಿಸಿ ಹಿಂದಿರುಗುವ ಲಾರಿಯಲ್ಲಿ ನಮ್ಮ ಕರುಣೆಯೂ ಹಿಂದಿರುಗದಿರಲಿ.