ಸ್ಲೋ ಆಗಿದ್ದು ಕಂಪ್ಯೂಟರೂ ಅಲ್ಲ, ಅಕ್ಕನ ಕೈಯೂ ಅಲ್ಲ

ಡಿಬಿಎಂಎಸ್ ಲ್ಯಾಬ್‌ನಲ್ಲಿ ನಾವು ಬರೆಯುವ ಕ್ವೆರಿಗಳೆಲ್ಲ ಎಂಟರ್ ಒತ್ತಿದ ಕೂಡಲೇ ಉತ್ತರ ಕೊಡುತ್ತವೆ. ಟೇಬಲ್‌ನಲ್ಲಿರೋದು ಹತ್ತು ಸಾಲು, ಬಳಸೋರು ನಾವೊಬ್ಬರೇ. 'ಸ್ಲೋ' ಅಂದ್ರೆ ಏನು ಅಂತ ನಮಗೆ ಗೊತ್ತಾಗಿದ್ದು ದಾವಣಗೆರೆಯ ಒಂದು ಔಷಧಿ ಹೋಲ್‌ಸೇಲ್ ಅಂಗಡಿಯಲ್ಲಿ.

ಅಂಗಡಿ ನಮ್ಮ ಟೀಮಿನ ಗೆಳತಿಯೊಬ್ಬಳ ಸೋದರಮಾವನದು. ಐದು ಕಂಪ್ಯೂಟರ್, ಎಲ್ಲಕ್ಕೂ ಸೇರಿ ಒಂದೇ ಮೈಕ್ರೋಸಾಫ್ಟ್ ಆಕ್ಸೆಸ್ ಫೈಲ್. ಬೆಳಿಗ್ಗೆ ಬಿಲ್ ಫಾರ್ಮ್ ತಕ್ಷಣ ತೆರೆಯುತ್ತೆ. ಹನ್ನೊಂದು ಗಂಟೆಗೆ ಎಲ್ಲರೂ ಕೂತ ಮೇಲೆ ಅದೇ ಫಾರ್ಮ್‌ಗೆ ಅರ್ಧ ನಿಮಿಷ ಕಾಯಬೇಕು. "ನಿನ್ನ ಕೈ ನಿಧಾನ ಕಣಮ್ಮಾ" ಅಂತ ಬೈಸಿಕೊಳ್ಳುತ್ತಿದ್ದದ್ದು ಬಿಲ್ ಹಾಕುವ ಅಕ್ಕ. ಐದೂ ಕಂಪ್ಯೂಟರ್ ಬದಲಿಸಲು ಕೊಟೇಶನ್ ಕೂಡ ಬಂದಿತ್ತು. "ಅಂಕಲ್, ಅದಕ್ಕೆ ಮುಂಚೆ ಒಂದು ಶನಿವಾರ ನಮಗೆ ಕೊಡಿ" ಅಂದ್ವಿ.

ಮೊದಲು ಅಳತೆ

ಏನನ್ನೂ ಬದಲಿಸುವ ಮುಂಚೆ ಫೈಲಿನ ಕಾಪಿ ತೆಗೆದಿಟ್ಟೆವು. ಆಮೇಲೆ ಮೊಬೈಲ್ ಸ್ಟಾಪ್‌ವಾಚ್ ಹಿಡಿದು ಎರಡು ಪರೀಕ್ಷೆ ಮಾಡಿದೆವು.

ಒಂದು: ಕಾಪಿಯನ್ನು ಅಕ್ಕನ ಕಂಪ್ಯೂಟರ್‌ಗೇ ಹಾಕಿ ತೆರೆದೆವು. ಫಾರ್ಮ್ ಪಟ್ ಅಂತ ಬಂತು. ಅಂದ್ರೆ ಕಂಪ್ಯೂಟರ್ ತಪ್ಪಲ್ಲ.

ಎರಡು: ಹಂಚಿಕೊಂಡ ಫೈಲನ್ನು ಒಬ್ಬರೇ ತೆರೆದೆವು, ಆಮೇಲೆ ಇಬ್ಬರು. ಎರಡನೆಯವರು ಬಂದ ಕೂಡಲೇ ನಿಧಾನ ಶುರು! ಸಮಸ್ಯೆ ಇರೋದು ಹಂಚಿಕೊಳ್ಳುವ ರೀತಿಯಲ್ಲಿ.

ಒಳಗೆ ಏನು ನಡೆಯುತ್ತೆ?

ಎಸ್‌ಕ್ಯುಎಲ್ ಸರ್ವರ್, ಪೋಸ್ಟ್‌ಗ್ರೆಸ್ ಥರದವು ಲೈಬ್ರರಿ ಕೌಂಟರ್ ಇದ್ದಂಗೆ. ನೀವು ಚೀಟಿ ಕೊಡ್ತೀರಿ, ಒಳಗಿನವರು ಹುಡುಕಿ ಬೇಕಾದ ಪುಸ್ತಕ ಮಾತ್ರ ತಂದುಕೊಡ್ತಾರೆ. ಆಕ್ಸೆಸ್‌ನಲ್ಲಿ ಕೌಂಟರೇ ಇಲ್ಲ. ಹುಡುಕುವ ಎಂಜಿನ್ ಪ್ರತಿಯೊಬ್ಬರ ಕಂಪ್ಯೂಟರ್‌ನಲ್ಲೂ ಓಡುತ್ತೆ, ಫೈಲ್ ಮಾತ್ರ ದೂರದಲ್ಲಿರುತ್ತೆ. ಇಂಡೆಕ್ಸ್ ಇಲ್ಲದಿದ್ದರೆ ಒಂದು ಬಿಲ್ ಹುಡುಕೋಕೆ ಇಡೀ ಟೇಬಲ್ ನೆಟ್‌ವರ್ಕ್ ಮೇಲೆ ಬರಬೇಕು. ಐದು ಜನರಿಗೂ ಅದೇ ಕಥೆ.

ನಾವು ಮಾಡಿದ್ದು

ಫೈಲನ್ನು ಒಡೆದೆವು. 'ಡೇಟಾಬೇಸ್ ಟೂಲ್ಸ್' ಟ್ಯಾಬ್‌ನಲ್ಲಿ ಇದಕ್ಕೆಂದೇ 'ಆಕ್ಸೆಸ್ ಡೇಟಾಬೇಸ್' ಎಂಬ ಬಟನ್ ಇದೆ. ಟೇಬಲ್‌ಗಳು ಮಾತ್ರ ಹಂಚಿಕೊಂಡ ಫೋಲ್ಡರ್‌ನಲ್ಲಿ ಉಳಿದವು. ಫಾರ್ಮ್, ರಿಪೋರ್ಟ್, ಕ್ವೆರಿಗಳ ಪ್ರತ್ಯೇಕ ಕಾಪಿ ಪ್ರತಿ ಕಂಪ್ಯೂಟರ್‌ಗೆ ಹೋಯಿತು.

ಆಮೇಲೆ ಲಾಕ್ ಫೈಲ್. ಮೊದಲನೆಯವರು ಡೇಟಾ ಫೈಲ್ ತೆರೆದಾಗ ಆಕ್ಸೆಸ್ ಪಕ್ಕದಲ್ಲೇ ಒಂದು ಪುಟ್ಟ ಲಾಕ್ ಫೈಲ್ ಮಾಡುತ್ತೆ, ಕೊನೆಯವರು ಹೋದಾಗ ಅಳಿಸುತ್ತೆ. ಪ್ರತಿ ಫಾರ್ಮ್‌ಗೂ ಸಂಪರ್ಕ ಕಡಿದು ಮತ್ತೆ ಜೋಡಿಸುತ್ತಿದ್ದರೆ ಈ ಕೆಲಸಕ್ಕೇ ಸಮಯ ಹೋಗುತ್ತೆ. ಒಂದು ಚಿಕ್ಕ ಟೇಬಲ್‌ಗೆ ಜೋಡಿಸಿದ ಫಾರ್ಮನ್ನು ಶುರುವಿನಲ್ಲೇ ತೆರೆದು, ದಿನವಿಡೀ ಮರೆಯಲ್ಲಿ ಇಟ್ಟೆವು. ಸಂಪರ್ಕ ಕಡಿಯಲೇ ಇಲ್ಲ.

ಮೂರನೆಯದು ಇಂಡೆಕ್ಸ್. ದಿನವೂ ಹುಡುಕುವ ಬಿಲ್ ದಿನಾಂಕ, ಪಾರ್ಟಿ ಹೆಸರು ಎರಡಕ್ಕೂ ಇರಲಿಲ್ಲ, ಹಾಕಿದೆವು. ಆದರೆ ಕ್ವೆರಿ ತಪ್ಪಾಗಿ ಬರೆದರೆ ಇಂಡೆಕ್ಸ್ ಇದ್ದೂ ಉಪಯೋಗ ಇಲ್ಲ. ದಿನಾಂಕದಿಂದ 'ಇಯರ್' ಫಂಕ್ಷನ್ ಮೂಲಕ ವರ್ಷ ತೆಗೆದು 2024ಕ್ಕೆ ಹೋಲಿಸಿದರೆ ಪ್ರತಿ ಸಾಲನ್ನೂ ಓದಲೇಬೇಕು. 'ಜನವರಿ 1ರಿಂದ ಡಿಸೆಂಬರ್ 31ರವರೆಗೆ' ಅಂತ ಕೇಳಿದರೆ ಇಂಡೆಕ್ಸ್ ಕೆಲಸಕ್ಕೆ ಬರುತ್ತೆ. ಹಾಗಂತ ಎಲ್ಲ ಕಾಲಂಗೂ ಇಂಡೆಕ್ಸ್ ಹಾಕಬೇಡಿ. ಸೇವ್ ಮಾಡುವಾಗ ಪ್ರತಿಯೊಂದೂ ಅಪ್‌ಡೇಟ್ ಆಗಬೇಕಲ್ಲ!

ಕೊನೆಯದಾಗಿ, ಎಲ್ಲ ಹಳೆಯ ಬಿಲ್‌ಗಳನ್ನೂ ಲೋಡ್ ಮಾಡುತ್ತಿದ್ದ ಫಾರ್ಮನ್ನು ಖಾಲಿಯಾಗಿ ತೆರೆಯುವಂತೆ ಮಾಡಿದೆವು. ವೈಫೈನಲ್ಲಿದ್ದ ಎರಡು ಕಂಪ್ಯೂಟರ್‌ಗೆ ಲ್ಯಾನ್ ಕೇಬಲ್ ಎಳೆದೆವು. ಆಕ್ಸೆಸ್‌ನಲ್ಲಿ ಬರೆಯುವ ಮಧ್ಯೆ ವೈಫೈ ಕಡಿದರೆ ಫೈಲೇ ಹಾಳಾಗಬಹುದು.

ಮಿತಿ ಎಲ್ಲಿ?

ಆಕ್ಸೆಸ್ ಫೈಲ್ 2 ಜಿಬಿ ದಾಟುವಂತಿಲ್ಲ. ಒಟ್ಟಿಗೆ 255 ಜನ ಬಳಸಬಹುದು ಅಂತ ಮೈಕ್ರೋಸಾಫ್ಟ್ ಹೇಳಿದರೂ ಅಷ್ಟು ದೂರ ಹೋಗೋ ಮುಂಚೆಯೇ ಸರ್ವರ್‌ಗೆ ಹೋಗೋದು ಒಳ್ಳೇದು. ಅಂಕಲ್‌ಗೂ ಅದನ್ನೇ ಹೇಳಿ ಬಂದಿದ್ದೇವೆ.

ಸೋಮವಾರ ಹನ್ನೊಂದಕ್ಕೆ ಗೆಳತಿಗೆ ಅಕ್ಕನ ಫೋನ್: "ಐದೂ ಜನ ಕೂತಿದ್ದೀವಿ, ಬಿಲ್ ಬರ್ತಿದೆ." ಕೊಟೇಶನ್ ಡ್ರಾಯರ್ ಸೇರಿತು. ನಿಮ್ಮ ಪರಿಚಯದ ಅಂಗಡಿಯಲ್ಲೂ 'ಸಿಸ್ಟಮ್ ಸ್ಲೋ' ಅಂದ್ರೆ, ಯಾರನ್ನೂ ಬೈಯೋ ಮುಂಚೆ ಮೊಬೈಲ್‌ನ ಸ್ಟಾಪ್‌ವಾಚ್ ತೆಗೀರಿ.