ಕಂಪನಕ್ಕೆ ಸಡಿಲಗೊಳ್ಳುವ ನಟ್ಟು-ಬೋಲ್ಟು: ಕಾರಣ ಮತ್ತು ಪರಿಹಾರ

2002ರ ಮೇ 10ರಂದು ಲಂಡನ್ನಿನ ಉತ್ತರಕ್ಕಿರುವ ಪಾಟರ್ಸ್ ಬಾರ್ ನಿಲ್ದಾಣದ ಬಳಿ ರೈಲೊಂದು ಹಳಿ ತಪ್ಪಿ ಏಳು ಮಂದಿ ಅಸುನೀಗಿದರು. ಹಳಿ ಬದಲಿಸುವ ಪಾಯಿಂಟಿನ ಅಡ್ಡಸರಳುಗಳ ನಟ್ಟುಗಳು ಸಡಿಲಗೊಂಡು ಕಳಚಿದ್ದುದು ತನಿಖೆಯಿಂದ ತಿಳಿದುಬಂದಿತು. ಪಂಪುಸೆಟ್ಟು, ಹಿಟ್ಟಿನ ಗಿರಣಿ, ಕಂಪ್ರೆಸರ್ ಮುಂತಾದವನ್ನು ತಯಾರಿಸುವ ಸಣ್ಣ ಘಟಕಗಳಿಗೆ ಇದು ದೂರದ ಸುದ್ದಿಯಲ್ಲ. ವಾರಂಟಿ ಅವಧಿಯಲ್ಲಿ ಹಿಂದಿರುಗುವ ಯಂತ್ರದ ದೋಷ ಎಷ್ಟೋ ವೇಳೆ ಒಂದು ಸಡಿಲ ನಟ್ಟಿನಿಂದಲೇ ಆರಂಭವಾಗಿರುತ್ತದೆ.

ಬಿಗಿಗೊಳಿಸಿದ ಬೋಲ್ಟು ವಾಸ್ತವವಾಗಿ ಎಳೆದು ಹಿಡಿದ ಸ್ಪ್ರಿಂಗಿನಂತೆ. ಅದು ಕೂದಲೆಳೆಯಷ್ಟು ಹಿಗ್ಗಿ, ಮರಳಿ ಕುಗ್ಗಲು ಯತ್ನಿಸುವ ಬಲದಿಂದಲೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. 8.8 ದರ್ಜೆಯ 10 ಮಿ.ಮೀ. ಬೋಲ್ಟನ್ನು ಸುಮಾರು 50 ನ್ಯೂಟನ್-ಮೀಟರ್ ಟಾರ್ಕಿನಲ್ಲಿ ಬಿಗಿದರೆ ದೊರೆಯುವ ಒತ್ತುಬಲ ಸುಮಾರು ಎರಡೂವರೆ ಟನ್. ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ತೋರಿಸಿಕೊಟ್ಟಂತೆ, ನಟ್ಟನ್ನು ಬಿಚ್ಚುವುದರಲ್ಲಿ ಬೋಲ್ಟಿನ ಉದ್ದಕ್ಕೆ ಬೀಳುವ ಹೊಡೆತಕ್ಕಿಂತ ಅಡ್ಡಡ್ಡ ಜಾರುವ ಕಂಪನವೇ ಹೆಚ್ಚು ಅಪಾಯಕಾರಿ. ಪ್ರತಿ ಜಾರುವಿಕೆಯಲ್ಲಿಯೂ ಎಳೆಗಳ ನಡುವಿನ ಘರ್ಷಣೆ ಕ್ಷಣಕಾಲ ಸೋಲುತ್ತದೆ. ನಟ್ಟು ತಾನಾಗಿಯೇ ತುಸು ಹಿಂದಕ್ಕೆ ತಿರುಗುತ್ತದೆ. ಒತ್ತುಬಲ ಸಾಕಷ್ಟಿದ್ದರೆ ಭಾಗಗಳು ಜಾರುವುದೇ ಇಲ್ಲ.

ನಮ್ಮ ವರ್ಕ್‌ಶಾಪುಗಳ ರೂಢಿಯೆಂದರೆ ಸ್ಪ್ರಿಂಗ್ ವಾಷರ್. ಆದರೆ ಪೂರ್ಣ ಬಿಗಿತದ ಒಂದು ಸಣ್ಣ ಅಂಶದಲ್ಲಿಯೇ ಅದು ಚಪ್ಪಟೆಯಾಗಿ ಸಾಧಾರಣ ವಾಷರಿನಂತಾಗುತ್ತದೆ. ಬೀಗದಂತೆ ನಟ್ಟನ್ನು ಹಿಡಿದಿಡಲು ಅದು ನಿಷ್ಪ್ರಯೋಜಕವೆಂದು ಅಮೆರಿಕದ ನಾಸಾ ಸಂಸ್ಥೆ 1990ರಲ್ಲಿ ಪ್ರಕಟಿಸಿದ ಕೈಪಿಡಿ ಹೇಳುತ್ತದೆ. ಗ್ರಾಹಕರು ಕೇಳುತ್ತಾರೆಂಬ ಕಾರಣಕ್ಕೆ ಹಾಕುವುದಾದರೆ ಹಾಕಲಿ, ಅದನ್ನೇ ನೆಚ್ಚಿ ಕೂರುವುದು ತರವಲ್ಲ.

ಮೊದಲ ಖರ್ಚು ಟಾರ್ಕ್ ರೆಂಚಿಗಾಗಲಿ. ಕೈಯಳತೆಯ ಬಿಗಿತ ಆಳಿನಿಂದ ಆಳಿಗೆ ಬೇರೆ. ಎಣ್ಣೆ ಸವರಿದ ಎಳೆಗೆ ಒಣ ಎಳೆಯ ಟಾರ್ಕನ್ನೇ ಕೊಟ್ಟರೆ ಬೋಲ್ಟು ಅತಿಯಾಗಿ ಹಿಗ್ಗುವುದೆಂಬುದೂ ನೆನಪಿರಲಿ.

ಕಂಪನ ತೀವ್ರವಾಗಿರುವೆಡೆ ಎಳೆಗೆ ಹಚ್ಚುವ ಅಂಟು ಉತ್ತಮ. ಗಾಳಿ ದೊರೆಯದ ಇಕ್ಕಟ್ಟಿನಲ್ಲಿ, ಲೋಹದ ಸಂಪರ್ಕದಿಂದ ಗಟ್ಟಿಯಾಗುವುದು ಇದರ ಗುಣ. ಸೀಸೆಯನ್ನು ಪೂರ್ತಿ ತುಂಬಿರುವುದಿಲ್ಲವೆಂದು ಅಂಗಡಿಯವರೊಡನೆ ಜಗಳವಾಡುವವರುಂಟು. ಒಳಗಿನ ಗಾಳಿಯೇ ಅಂಟನ್ನು ದ್ರವವಾಗಿ ಉಳಿಸುವಂಥದು. ಎಳೆಗಳ ಎಣ್ಣೆಯನ್ನು ತೊಳೆದು ಒರೆಸಿದ ಬಳಿಕವೇ ಇದನ್ನು ಹಚ್ಚಬೇಕು. ಸ್ಟೇನ್‌ಲೆಸ್ ಉಕ್ಕು ಹಾಗೂ ಸತುವಿನ ಲೇಪದ ಮೇಲೆ ಇದು ನಿಧಾನವಾಗಿ ಗಟ್ಟಿಯಾಗುವುದರಿಂದ ಅಲ್ಲಿ ಪ್ರೈಮರ್ ಬಳಸುವುದು ಲೇಸು. ಸಾಮಾನ್ಯವಾಗಿ ನೀಲಿ ಬಣ್ಣದ್ದು ಮಧ್ಯಮ ಬಲದ್ದು, ಸ್ಪ್ಯಾನರಿನಿಂದಲೇ ಬಿಚ್ಚಬಹುದು. ಕೆಂಪು ಬಣ್ಣದ್ದನ್ನು ಬಿಚ್ಚಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಶಾಖ ಬೇಕಾಗುವುದರಿಂದ ರಿಪೇರಿಗೆ ತೆರೆಯಬೇಕಾದ ಜಾಗದಲ್ಲಿ ಅದು ಬೇಡ.

ನೈಲಾನ್ ಬಳೆಯ ನಟ್ಟು ಅಗ್ಗವಾದರೂ ಸುಮಾರು 120 ಡಿಗ್ರಿ ಮೀರಿದ ಶಾಖದಲ್ಲಿ, ಅಂದರೆ ಎಂಜಿನ್ನಿನ ಸೈಲೆನ್ಸರ್ ಬಳಿ, ಕೆಲಸಕ್ಕೆ ಬಾರದು. ಪದೇ ಪದೇ ಬಿಚ್ಚಿ ಹಾಕಿದರೆ ಅದರ ಹಿಡಿತವೂ ತಗ್ಗುತ್ತದೆ.

ಬಿಗಿದ ಮೇಲೆ ನಟ್ಟು ಮತ್ತು ಯಂತ್ರದ ಮೈಯನ್ನು ಕೂಡಿಸುವಂತೆ ಬಣ್ಣದ ಒಂದು ಗೆರೆ ಎಳೆದು ಕಳುಹಿಸಿದರೆ, ನಟ್ಟು ತಿರುಗಿದೆಯೇ ಎಂಬುದನ್ನು ಗ್ರಾಹಕರು ಸ್ಪ್ಯಾನರ್ ಮುಟ್ಟದೆಯೇ ಕಂಡುಕೊಳ್ಳಬಹುದು.